ಬಿಳಿ ಎರಡು, ಕರಿ ಎರಡು

(ಊರು ಕಾಗವಾಡ ತಾಲೂಕಿನ ಶಿರಗುಪ್ಪಿ. ಒಬ್ಬರು ನಿವೃತ್ತ ಸಾಲಿ ಮಾಸ್ತರು, ಭಜನಾ ಮಂಡಳಿಯಲ್ಲಿ ಪೇಟಿ ಬಾರಿಸುವವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಮನೆಯಿಂದಲೇ ವೆಬ್ ವಿನ್ಯಾಸದ ಕೆಲಸ ಮಾಡುವವಳು. ಮಾತು ನಡೆದದ್ದು ಊರ ಕನ್ನಡದಲ್ಲಿ. ಅದನ್ನು ಹಾಗೇ ಇಟ್ಟಿದೆ.)

ಕಾಕಾ: ಏನವಾ ಇದು, ಪರದೆ ತುಂಬ ಬರೇ ಚೌಕ? ಇದಕ್ಕ ರೊಕ್ಕ ಕೊಡಾಂವ ಯಾವ ಗಿರಾಕಿ?

ಮಗಳು: ಇದಕ್ಕ ಗಿರಾಕಿ ಇಲ್ರಿ ಕಾಕಾ. ಹಗಲೆಲ್ಲಾ ಮಂದಿ ಕೆಲಸ. ಒಬ್ಬರ ಅಂಗಡಿದು, ಒಬ್ಬರ ದವಾಖಾನಿದು, ಒಬ್ಬರ ಸಾಲಿದು. ಸಂಜೀಕ ಮಾಡೂ ಇದು ನನ್ನ ಸ್ವಂತದ್ದು. ಚೌಕ 32 ಅದಾವ ನೋಡ್ರಿ. ಒಂದೊಂದು ಚೌಕ ಅಂದ್ರ ನಾಲ್ಕು ಮಾತ್ರಾ.

ಕಾಕಾ: ಅಂದ್ರ 128 ಮಾತ್ರಾ. ತೀನತಾಲ ಹಿಡಿದ್ರ ಎಂಟು ಆವರ್ತನ ಆತು. ಯಾರ ಬಂದಿಶ್ ಇದು?

ಮಗಳು: ಅಮೆರಿಕಾದವರದು, ಜಾಝ್. ಮೈಲ್ಸ್ ಡೇವಿಸ್ ಅಂತ ಟ್ರಂಪೆಟ್ ಊದಾವ ಒಬ್ಬ ಇದ್ದ. 1959ರ ಮಾರ್ಚ್ 2ಕ್ಕ ನ್ಯೂಯಾರ್ಕಿನಾಗ, ಮೊದಲು ಚರ್ಚ್ ಆಗಿದ್ದ ಒಂದು ಸ್ಟುಡಿಯೋದಾಗ ಆರು ಮಂದಿ ಕೂಡಿ ಇದನ್ನ ಬಾರಿಸಿದ್ರು. ‘ಕೈಂಡ್ ಆಫ್ ಬ್ಲೂ’ ಅನ್ನೋ ರೆಕಾರ್ಡಿನ ಮೊದಲನೇ ತುಣುಕು. ಹೆಸರು ‘ಸೋ ವಾಟ್’. ನಿಮ್ಮ ಪೇಟಿ ತೆರೀರಿ ಕಾಕಾ. ಬಿಳಿ ಎರಡಕ್ಕ ಷಡ್ಜ ಹಿಡೀರಿ. ಕರಿ ಪಟ್ಟಿ ಒಂದೂ ಮುಟ್ಟದ, ಬಿಳಿ ಪಟ್ಟಿ ಮ್ಯಾಲಷ್ಟ ತಾರ ಷಡ್ಜದ ತನಕ ಹೋಗ್ರಿ.

ಕಾಕಾ: ಸಾ, ರೆ... ಗಂಧಾರ ಕೋಮಲ ಬಂತು. ಮಧ್ಯಮ, ಪಂಚಮ, ಧೈವತ ಶುದ್ಧ. ನಿಷಾದ ಮತ್ತ ಕೋಮಲ. ಇದು ಕಾಫಿ ಆತಲ್ಲ!

ಮಗಳು: ಕಾಫಿನ. ಅವರು ಇದಕ್ಕ ಡೋರಿಯನ್ ಅಂತಾರ. ಮೊದಲಿನ 16 ಚೌಕ ಪೂರಾ ಈ ಸ್ವರಗಳೊಳಗ. ಆಮ್ಯಾಲಿನ ಎಂಟು ಚೌಕಕ್ಕ ಷಡ್ಜಾನ ಸರಸ್ತಾರ, ಬಿಳಿ ಎರಡು ಬಿಟ್ಟು ಕರಿ ಎರಡಕ್ಕ. ಸ್ವರಗಳ ಅಂತರ ಕಾಫಿದೇ ಇರತೈತಿ, ನೆಲ ಮಾತ್ರ ಅರ್ಧ ಸ್ವರ ಮ್ಯಾಲ ಏರತೈತಿ. ಕಡೀ ಎಂಟು ಚೌಕಕ್ಕ ತಿರುಗಿ ಬಿಳಿ ಎರಡು. ಇಷ್ಟಕ್ಕ ಬಂದಿಶ್ ಮುಗೀತು. ಒಂಬತ್ತು ನಿಮಿಷದ ಮ್ಯಾಲ ಇದನ್ನೇ ಸುತ್ತು ಹಾಕ್ತಾರ. ಒಬ್ಬೊಬ್ಬರು ಮುಂದ ಬಂದು ತಮ್ಮದು ಹೇಳಿ ಹಿಂದ ಸರೀತಾರ. ಮೊದಲಿಗೆ ದೊಡ್ಡ ತಂತಿವಾದ್ಯ ಬಾಸ್ ಒಂದು ಸಾಲು ಕೇಳತೈತಿ, ಉಳಿದವರೆಲ್ಲಾ ಕೂಡಿ ಎರಡೇ ಸ್ವರದಾಗ ಅದಕ್ಕ ಉತ್ತರಾ ಕೊಡ್ತಾರ.

ಕಾಕಾ: ತಡಿ, ತಡಿ. ಕಾಫಿ ಥಾಟ್ ಅನ್ನು, ಕಾಫಿ ರಾಗ ಅನಬ್ಯಾಡ. ಏಳು ಸ್ವರ ಸಾಲಾಗಿ ಇಟ್ಟರ ರಾಗ ಆಗೂದಿಲ್ಲ. ರಾಗಕ್ಕ ನಡಗಿ ಬೇಕು. ಯಾವ ಸ್ವರದ ಮ್ಯಾಲ ನಿಲ್ಲಬೇಕು, ಯಾವುದನ್ನ ಹಾದು ಹೋಗಬೇಕು ಅನ್ನೋದು ಬೇಕು. ಅಲ್ಲದ ಷಡ್ಜ ಸರಿಸೂದಂದ್ರೇನು? ನಮ್ಮಲ್ಲೆ ಒಮ್ಮೆ ತಂಬೂರಿ ಕೂಡಿಸಿದ್ರ ಬೈಠಕ್ ಮುಗಿಯೂ ತನಕ ಅದೇ ಷಡ್ಜ.

ಮಗಳು: ಫರಕು ಇರೂದು ಅಲ್ಲೇ ನೋಡ್ರಿ. ಅವರ ಹಿಂದ ತಂಬೂರಿ ಇಲ್ಲ. ನಮ್ಮವರನ್ನ ರಾಗ ಕಟ್ಟಿ ಹಿಡೀತೈತಿ, ಅವರನ್ನ ಈ 32 ಚೌಕದ ಸುತ್ತು ಕಟ್ಟಿ ಹಿಡೀತೈತಿ. ಸುತ್ತಿನಾಗ ಎಲ್ಲಿದ್ದೇವಿ ಅನ್ನೋದು ಆರೂ ಮಂದಿ ಮೈಯಾಗ ಇಳಿದಿರತೈತಿ. ಅದಕ್ಕ ಅವರು ಕೈ ಬಿಟ್ಟು ಆಡಬಹುದು. ಅವತ್ತು ಡೇವಿಸ್ ತಂದು ಕೊಟ್ಟದ್ದು ಸ್ವರದ ಚೌಕಟ್ಟು ಮಾತ್ರ, ಅಂತ ಪಿಯಾನೋ ನುಡಿಸಿದ ಬಿಲ್ ಇವಾನ್ಸ್ ಆ ರೆಕಾರ್ಡಿನ ಕವಚದ ಹಿಂದ ಬರದಾನ.

ಕಾಕಾ: ಮತ್ತ ನೀ ಚೌಕ ಯಾಕ ತಗದಿ? ಕೇಳಿದ್ರ ಸಾಲೂದಿಲ್ಲೇನು?

ಮಗಳು: ಕರಿ ಎರಡು ಬಂದದ್ದು ನನ್ನ ಕಿವಿಗೆ ಹತ್ತುತಿರಲಿಲ್ಲ. ಏನೋ ಬದಲಾತು ಅನ್ನಿಸತಿತ್ತು, ಎಲ್ಲೆ ಅಂತ ತಿಳೀತಿರಲಿಲ್ಲ. ಅದಕ್ಕ ತಗದೆ. ಸಂಗೀತ ನಡದಂಗ ಒಂದೊಂದೇ ಚೌಕ ಬೆಳಗತೈತಿ. ಬಿಳಿ ಎರಡಕ್ಕ ನೀಲಿ ಬಣ್ಣ, ಕರಿ ಎರಡಕ್ಕ ಕಪ್ಪು. ಕೆಲವು ಸುತ್ತು ನೋಡಿದ ಮ್ಯಾಲ ಕಣ್ಣು ಮುಚ್ಚಿ ಕೂತರೂ ಈಗ ಕಪ್ಪು ಬಂತು ಅಂತ ತಿಳೀತೈತಿ. ಆಗ ಪರದೆ ಮುಚ್ಚಿ ಇಡಬಹುದು.

ಕಾಕಾ: ಪರದೆ ಬ್ಯಾಡಾಗೂವಂಗ ಮಾಡೂ ಪರದೆ. ಇದು ನನಗ ಸೇರಿತು. ಸಾಲಿಯಾಗ ಪಾಟಿ ಮ್ಯಾಲ ತಾಲ ಬರದು ತೋರಿಸಿ, ಆಮ್ಯಾಲ ಅಳಿಸಿ ಕೈಲೆ ಹಾಕಿಸ್ತಿದ್ದೆ. ಆದ್ರ ನನ್ನ ಮೊದಲಿನ ಮಾತು ಹಂಗ ಉಳೀತವಾ. ರೊಕ್ಕ ಹುಟ್ಟಲಾರದ ಕೆಲಸಕ್ಕ ಇಷ್ಟು ತಾಸು ಯಾಕ?

ಮಗಳು: ಗಿರಾಕಿ ಬರೂವಾಗ ಇನ್ನೊಬ್ಬರ ಪುಟ ತೋರಿಸಿ ‘ನಮಗೂ ಇಂಥಾದ್ದೇ ಬೇಕು’ ಅಂತ ಬರ್ತಾನ. ಅದರಾಗ ತಪ್ಪೇನಿಲ್ಲ. ಅವನ ಧಂದೆ, ಅವನ ರೊಕ್ಕ, ಅವನ ಅಂಜಿಕಿ. ಆದ್ರ ಕೇಳಿದ್ದನ್ನೇ ಮಾಡಿಕೊಂಡು ಹೋದ್ರ ಕೈ ಚಕ್ಕಡಿ ಗಾಲಿ ಜಾಡಿಗೆ ಬಿದ್ದಂಗ ಬೀಳತೈತಿ. ಮ್ಯಾಲ ಚಿತ್ರ, ಕೆಳಗ ಮೂರು ಕಂಬ, ಬದೀಗೊಂದು ಬಟನ್. ಯಾರ ಪುಟ ಅಂತ ಗುರುತು ಸಿಗೂದಿಲ್ಲ. ಸ್ವಂತ ಕೆಲಸದಾಗ ನನ್ನನ್ನ ಯಾರೂ ಅವಸರ ಮಾಡೂದಿಲ್ಲ, ಕೆಟ್ಟರ ಯಾರದೂ ನುಕ್ಸಾನಿಲ್ಲ. ಅಲ್ಲೆ ಕಲಿತದ್ದು ಆರು ತಿಂಗಳ ಮ್ಯಾಲ ಗಿರಾಕಿ ಕೆಲಸದಾಗ ತಾನಾಗೇ ಬರತೈತಿ. ಸನ್ನಿ ರೋಲಿನ್ಸ್ ಅಂತ ಸ್ಯಾಕ್ಸೋಫೋನ್ ವಾದಕ, ಅವನದು ಕೇಳ್ರಿ. 1959ರ ಹೊತ್ತಿಗೆ ಅಮೆರಿಕಾದಾಗ ದೊಡ್ಡ ಹೆಸರು ಮಾಡಿದ್ದ. ಕಾರ್ಯಕ್ರಮ ಎಲ್ಲಾ ನಿಲ್ಲಿಸಿಬಿಟ್ಟ. ಮನ್ಯಾಗ ಊದಿದ್ರ ಬಾಜೂ ಮನಿಯವರಿಗೆ ತ್ರಾಸು ಅಂತ ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ಸೇತುವೆ ಮ್ಯಾಲ ಹೋಗಿ ಊದಾಕ ಹತ್ತಿದ. ಹತ್ತಿರ ಹತ್ತಿರ ಎರಡು ವರ್ಷ. ಕೆಳಗ ಹೊಳಿ, ಬಾಜೂಕ ರೈಲು. ಕೇಳವರಿಲ್ಲ, ಕೊಡವರಿಲ್ಲ. ತಿರುಗಿ ಬಂದ ಮ್ಯಾಲ 1962ರಾಗ ತಂದ ರೆಕಾರ್ಡಿಗೆ ‘ದಿ ಬ್ರಿಜ್’ ಅಂತಲೇ ಹೆಸರಿಟ್ಟ.

ಕಾಕಾ: ಕುಮಾರ ಗಂಧರ್ವರನ್ನ ನೆನಪು ಮಾಡಿದಿ. ನಮ್ಮ ಬೆಳಗಾವಿ ಜಿಲ್ಲಾದ ಸುಳೇಭಾವಿಯಾಗ 1924ರಾಗ ಹುಟ್ಟಿದ ಕೂಸು. ಹುಡುಗ ಇದ್ದಾಗಲೇ ದೊಡ್ಡ ದೊಡ್ಡ ಗವಾಯಿಗಳಂಗ ಹಾಡಿ ಮಂದೀನ ಬೆರಗು ಮಾಡಿದವರು. ಮುಂದ ಕ್ಷಯ ಬಂತು, ಹಾಡಬ್ಯಾಡ ಅಂದ್ರು ಡಾಕ್ಟರು. ಮಧ್ಯಪ್ರದೇಶದ ದೇವಾಸಿನಾಗ ವರ್ಷಗಟ್ಟಲೆ ಹಾಸಿಗಿ. ಅಲ್ಲೆ ಬಿದ್ದುಕೊಂಡು ಮಾಳವಾದ ಹೆಣ್ಣುಮಕ್ಕಳು, ಭಿಕ್ಷುಕರು, ಜೋಗಿಗಳು ಹಾಡೂದನ್ನ ಕೇಳಿದ್ರು. ಎದ್ದು ಬಂದಾಗ ಹಾಡಿಕಿನೇ ಬ್ಯಾರೆ ಆಗಿತ್ತು. ಆದ್ರ ಒಂದು ಹೇಳ್ತೀನವಾ, ಅದು ಅವರು ಆರಿಸಿಕೊಂಡದ್ದಲ್ಲ, ರೋಗ ತಂದು ಕೊಟ್ಟದ್ದು. ನಿನ್ನ ಸೇತುವೆಯವ ತಾನಾಗಿ ಹೋದ. ಅದಕ್ಕ ಎದಿಗಾರಿಕಿ ಬೇಕು.

ಮಗಳು: ಹೌದ್ರಿ. ನನಗಂತೂ ಹಂಗ ಎಲ್ಲಾ ಬಿಟ್ಟು ಹೋಗಾಕ ಆಗೂದಿಲ್ಲ. ಸಂಜಿ ಮಾತ್ರ ನನ್ನದು.

ಕಾಕಾ: ಸಂಜಿ ಸಾಕು. ಆದ್ರ ಜಾಝ್ ಯಾಕ? ಮಿರಜ ಇಲ್ಲೇ ಕೂಗಳತಿ ಮ್ಯಾಲ ಐತಿ. ಅಬ್ದುಲ್ ಕರೀಂ ಖಾನರು ಬಾಳಿದ ಊರು, 1937ರಾಗ ತೀರಿಕೊಂಡ ಮ್ಯಾಲ ಅಲ್ಲಿನ ದರ್ಗಾದಾಗೇ ಅವರನ್ನ ಮಣ್ಣು ಮಾಡಿದ್ರು. ದೇಶದ ತುಂಬ ಗವಾಯಿಗಳು ತಂಬೂರಿಗೆ ಆ ಊರಿಗೇ ಬರ್ತಾರ. ಇಷ್ಟು ಹತ್ತಿರ ಇದನ್ನ ಬಿಟ್ಟು ಅಷ್ಟು ದೂರ ಹೋದಿ.

ಮಗಳು: ಬಿಟ್ಟಿಲ್ರಿ. ಮಿರಜದ ತಂಬೂರಿ ಕೇಳಿದ ಕಿವಿಲೇನ ನಾ ಆ ಬಾಸ್ ವಾದ್ಯ ಕೇಳೂದು. ಆ ತಂಬೂರಿ ಮಾಡವರ ಮೂಲ ಕಸುಬು ಏನಿತ್ತು, ನೀವ ಹೇಳಿದ್ರಿ ಒಮ್ಮೆ.

ಕಾಕಾ: ಶಿಕಲಗಾರರು. ಕತ್ತಿಗೆ, ಭರ್ಚಿಗೆ ಸಾಣಿ ಹಿಡಿಯೂ ಮಂದಿ. ಹತ್ತೊಂಬತ್ತನೇ ಶತಮಾನದಾಗ ಕತ್ತಿ ಕೆಲಸ ಕಡಿಮಿ ಆತು. ಸಂಸ್ಥಾನಕ್ಕ ಬರೂ ಗವಾಯಿಗಳ ವಾದ್ಯ ದುರಸ್ತಿ ಮಾಡಿ ಕೊಡ್ತಾ ಕೊಡ್ತಾ ಕಟ್ಟೂದು ಕಲಿತರು. ಪಂಢರಪುರದ ಕಡೆ ಬೆಳಿಯೂ ಕಹಿ ಕುಂಬಳಕಾಯಿ ತಂದು, ಒಣಗಿಸಿ, ಕೊರದು, ತೊಗಲು ನಯ ಮಾಡಿ... ಕಡಿಗೆ ಜವಾರಿ. ಕುದುರಿ ಮ್ಯಾಲ ತಂತಿ ಕೆಳಗ ಒಂದು ನೂಲಿನೆಳಿ ಹಿಂದ ಮುಂದ ಸರಿಸ್ತಾ ಸರಿಸ್ತಾ ಇದ್ದಾಗ ಒಂದು ಜಾಗಕ್ಕ ಬಂದು ತಂತಿ ಬಾಯಿ ಬಿಡತೈತಿ ನೋಡು, ಅಲ್ಲೆ ನಿಲ್ಲಿಸಬೇಕು. ಕೂದಲೆಳಿ ಆಕಡೆ ಹೋತೋ, ದನಿ ಸತ್ತಂಗ. 2024ರಾಗ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತು ಸಿಕ್ಕೈತಿ.

ಮಗಳು: ಅವರು ಕತ್ತಿ ಬಿಟ್ಟು ಬ್ಯಾರೇ ಏನೂ ಮುಟ್ಟೂದಿಲ್ಲ ಅಂದಿದ್ರ ಆ ತಂಬೂರಿ ಎಲ್ಲಿರತಿತ್ತು ಕಾಕಾ?

ಕಾಕಾ: ನನ್ನ ಮಾತಿನಾಗೇ ನನ್ನನ್ನ ಹಿಡಿದಿ. ಆತು, ಒಪ್ಪಿದೆ. ಮುಂದ ಹೇಳು.

ಮಗಳು: ಜಾಝ್ ನಮಗ ಅಷ್ಟು ದೂರಿನದೂ ಅಲ್ಲ. ಶೇಡಬಾಳ, ಉಗಾರ ಸ್ಟೇಶನ್ ದಾಟಿ ಹೋಗೂ ಹಳಿ ಮ್ಯಾಲೇ ಅದರ ಒಂದು ಕಥಿ ಐತಿ. 1888ರಾಗ ಮುರಗಾಂವ ಬಂದರದ ಹಳಿ ಕ್ಯಾಸಲ್ ರಾಕ್ ತನಕ ಬಂತು. 1890ರ ಹೊತ್ತಿಗೆ ಲೋಂಡಾ, ಬೆಳಗಾವಿ, ಮಿರಜ ಮ್ಯಾಲ ಹಾಸಿ ಪುಣೆ ತನಕ ಮೀಟರ್ ಗೇಜ್ ಕೂಡಿತು. ಆಗ ಗೋವಾದಿಂದ ಮುಂಬೈಗೆ ಹೋಗವರಿಗೆ ಮುಖ್ಯ ದಾರಿ ಎರಡು, ಸಮುದ್ರದ ಮ್ಯಾಲ ಸ್ಟೀಮರು, ಇಲ್ಲಾಂದ್ರ ಈ ರೈಲು. ಗೋವಾದ ಚರ್ಚ್ ಸಾಲಿಗಳೊಳಗ ಹುಡುಗರಿಗೆ ಪಿಟೀಲು, ಸ್ವರಲಿಪಿ ಕಲಿಸ್ತಿದ್ರು. ಬರದ ಸಂಗೀತ ಓದಾಕ ಬರೂ ಆ ಮಂದಿ ಹೊಟ್ಟಿಪಾಡಿಗೆ ಮುಂಬೈಗೆ ಹೋದ್ರು. 1935ರಾಗ ಲಿಯಾನ್ ಅಬ್ಬೆ ಅನ್ನಾವ ತನ್ನ ಕರಿಯರ ತಂಡ ಕಟ್ಟಿಕೊಂಡು ಮುಂಬೈಯ ತಾಜಮಹಲ್ ಹೋಟೆಲಿಗೆ ಬಂದ. ಗೋವಾದವರು ಆ ಹೊಸ ಸಂಗೀತ ಹತ್ತಿರದಿಂದ ಕೇಳಿದ್ರು, ಕಲಿತರು. ಮುಂದ ಅವರೇ ಹಿಂದಿ ಚಿತ್ರದ ವಾದ್ಯಮೇಳಕ್ಕ ಹೋದ್ರು. ಚಿಕ್ ಚಾಕೊಲೇಟ್ ಅಂತ ಹೆಸರಾದ ಟ್ರಂಪೆಟ್ ವಾದಕ ಸಿ. ರಾಮಚಂದ್ರ ಅವರ ಸಹಾಯಕ ಆಗಿದ್ದ.

ಕಾಕಾ: ‘ಅಲಬೇಲಾ’ ಚಿತ್ರದ ಸಿ. ರಾಮಚಂದ್ರ? 1951ರ ಚಿತ್ರ ಅದು. ಜಾತ್ರಿಯೊಳಗ ಅದರ ಹಾಡು ಬ್ಯಾಂಡಿನವರು ಬಾರಿಸೂದನ್ನ ನಾ ಸಣ್ಣಾಂವ ಇದ್ದಾಗ ಕೇಳೇನಿ!

ಮಗಳು: ಅಂದ್ರ ನೀವು ಜಾಝ್ ಕೇಳಿ ಬೆಳದವರು ಕಾಕಾ, ಹೆಸರು ಗೊತ್ತಿರಲಿಲ್ಲ ಅಷ್ಟ. ನನ್ನ ಇನ್ನೊಂದು ಸ್ವಂತ ಕೆಲಸ ಆ ಹಳಿದೇ. ಮುರಗಾಂವದಿಂದ ಪುಣೆ ತನಕ ಉದ್ದಕ್ಕ ಒಂದು ಗೆರಿ. ಗೆರಿ ಮ್ಯಾಲ ಸ್ಟೇಶನ್. ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ, ಮಿರಜ. ಬೆರಳು ಸರಿಸಿಕೊಂಡು ಹೋದ್ರ ಆಯಾ ಭಾಗದ ಸಂಗೀತದ ಮಾತು ಬರತೈತಿ. ಗೋವಾದಾಗ ಪಿಟೀಲು, ಬೆಳಗಾವಿಗೆ ಬಂದ್ರ ಕುಮಾರ ಗಂಧರ್ವರು, ಮಿರಜಕ್ಕ ತಂಬೂರಿ.

ಕಾಕಾ: ಕರ್ನಾಟಕದವರು ಯಾರಾದರೂ ಈ ಸಂಗೀತದಾಗ ಕೈ ಹಾಕ್ಯಾರೇನು? ಗೋವಾ, ಮುಂಬೈ ಬಿಡು.

ಮಗಳು: ಹಾಕ್ಯಾರ, ಭಾರಿ ಹಾಕ್ಯಾರ. ಬೆಂಗಳೂರಾಗ ಟಿ. ಎ. ಎಸ್. ಮಣಿ ಅವರು 1964ರಾಗ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಟ್ಟಿದ್ರು. ಚಾರ್ಲಿ ಮರಿಯಾನೋ ಅಂತ ಅಮೆರಿಕಾದ ಸ್ಯಾಕ್ಸೋಫೋನ್ ವಾದಕ ಅವರ ಜೋಡಿ, ಆರ್. ಎ. ರಮಾಮಣಿ ಅವರ ಹಾಡಿಕಿ ಜೋಡಿ ನುಡಿಸಿ ‘ಜ್ಯೋತಿ’ ಅನ್ನೋ ರೆಕಾರ್ಡು ತಂದ, 1983ರಾಗ. ಆ ಮರ್ಯಾದಸ್ಥ ದಕ್ಷಿಣದ ನಾಗಸ್ವರಾನೂ ಕಲಿತಿದ್ದ. ಇನ್ನ ಕದ್ರಿ ಗೋಪಾಲನಾಥರು ನಿಮಗ ಗೊತ್ತು.

ಕಾಕಾ: ಗೊತ್ತಿಲ್ಲದ ಏನು. ದಕ್ಷಿಣ ಕನ್ನಡದವರು, ನಾಗಸ್ವರದವರ ಮನಿತನ. ಮೈಸೂರು ಅರಮನಿ ಬ್ಯಾಂಡಿನಾಗ ಸ್ಯಾಕ್ಸೋಫೋನ್ ನೋಡಿ ಮನಸು ಕೊಟ್ಟವರು. ಬೆಲ್ಜಿಯಂದವ ಮಾಡಿದ ವಾದ್ಯದಾಗ ಗಮಕ ತರೂದಂದ್ರ ಹುಡುಗಾಟ ಅಲ್ಲ. ಒಂದು ಸ್ವರದಿಂದ ಇನ್ನೊಂದಕ್ಕ ಜಾರಬೇಕು, ಆ ವಾದ್ಯಕ್ಕ ಇರೂದು ತಗಿಯೂ ಮುಚ್ಚೂ ಕೀಲಿ. ಅವರು ಕೀಲಿಗಳನ್ನ ತಮಗ ಬೇಕಾದಂಗ ಬದಲಿಸಿಕೊಂಡು, ಉಸಿರಿನ ಮ್ಯಾಲ ಸಾಧಿಸಿದ್ರು. 2019ರಾಗ ತೀರಿಕೊಂಡ್ರು.

ಮಗಳು: 1980ರಾಗ ಮುಂಬೈಯ ಜಾಝ್ ಉತ್ಸವದಾಗ ಜಾನ್ ಹ್ಯಾಂಡಿ ಅನ್ನೋ ಜಾಝ್ ವಾದಕನ ಜೋಡಿ ಅವರು ನುಡಿಸ್ಯಾರ. ಅದಕ್ಕಿಂತ ನನಗ ಬಾಳ ಸೇರೂದು ಇನ್ನೊಂದು. ರುದ್ರೇಶ ಮಹಾಂತಪ್ಪ ಅಂತ ಒಬ್ಬ ಇದ್ದಾನ. ಹೆಸರು ಕೇಳಿದ್ರೇ ತಿಳೀತೈತಿ, ಕರ್ನಾಟಕದ ಮನಿತನ. ಹುಟ್ಟಿದ್ದು 1971ರಾಗ ಇಟಲಿಯ ಟ್ರಿಯೆಸ್ಟ್, ಬೆಳದದ್ದು ಅಮೆರಿಕಾದ ಕೊಲರಾಡೋ, ತಂದಿ ಭೌತಶಾಸ್ತ್ರದ ಪ್ರಾಧ್ಯಾಪಕರು. ಜಾಝ್ ಕಲೀಲಿಕ್ಕೆ ಹೋದಾಗ ಅವನ ಅಣ್ಣ ಚೇಷ್ಟಾಕ್ಕ ಒಂದು ರೆಕಾರ್ಡು ಕೊಟ್ಟ, ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಅಂತ. ಅದು ಕದ್ರಿ ಅವರದು. ಇವ ಕೇಳಿ ದಂಗ ಆದ. ಮುಂದ ಇಬ್ಬರೂ ಕೂಡಿ 2008ರಾಗ ‘ಕಿನ್ಸ್‌ಮೆನ್’ ಅನ್ನೋ ರೆಕಾರ್ಡು ಮಾಡಿದ್ರು. ಎ. ಕನ್ಯಾಕುಮಾರಿ ಅವರ ಪಿಟೀಲು, ಮೃದಂಗ, ಗಿಟಾರು, ಡ್ರಮ್ಮು ಎಲ್ಲಾ ಒಂದೇ ಕಟ್ಟಿಗೆ ಕೂತಾವ.

ಕಾಕಾ: ಅದನ್ನ ನನಗ ಹಾಕಿ ಕೇಳಸು ಇವತ್ತು. ಮತ್ತ ಈ ಗ್ವಾಡಿಗೆ ಹಚ್ಚಿದ ಹಾಳಿ ಏನು? ದೊಡ್ಡ ದೊಡ್ಡ ಅಕ್ಷರ, ಎರಡೇ ಬಣ್ಣ.

ಮಗಳು: ಮ್ಯಾಲಿಂದು ಬ್ಲೂ ನೋಟ್ ಅನ್ನೋ ಕಂಪನಿಯ ರೆಕಾರ್ಡಿನ ಕವಚ. 1939ರಾಗ ಹುಟ್ಟಿದ ಕಂಪನಿ. ರೀಡ್ ಮೈಲ್ಸ್ ಅಂತ ವಿನ್ಯಾಸಗಾರ ಒಬ್ಬನೇ ಸುಮಾರು 500 ಕವಚ ಮಾಡ್ಯಾನ, 1956ರಿಂದ 1967ರ ತನಕ. ರೊಕ್ಕ ಕಡಿಮಿ ಇದ್ದ ಕಂಪನಿ, ಎಷ್ಟೋ ಕವಚಕ್ಕ ಎರಡೇ ಬಣ್ಣ. ಫ್ರಾನ್ಸಿಸ್ ವುಲ್ಫ್ ತಗದ ಫೋಟೋ ಕೊಯ್ದು ಕೊಯ್ದು ಸಣ್ಣದು ಮಾಡಿ, ಅಕ್ಷರಾನೇ ದೊಡ್ಡದು ಮಾಡಿ ಇಟ್ಟ. ಜಾಕಿ ಮೆಕ್ಲೀನ್‌ನ ‘ಇಟ್ಸ್ ಟೈಮ್’ ನೋಡ್ರಿ, ಕವಚದ ತುಂಬ ಆಶ್ಚರ್ಯ ಚಿಹ್ನಿ. ಇಂಥಾ ಚಲೋ ಕೆಲಸ ಮಾಡಿದವಗ ಜಾಝ್ ಅಷ್ಟೇನೂ ಸೇರುತ್ತಿರಲಿಲ್ಲ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳ್ತಿದ್ದ.

ಕಾಕಾ: ಸೇರಲಾರದ ಸಂಗೀತಕ್ಕ ಇಷ್ಟು ಚಂದ ಕವಚ?

ಮಗಳು: ಕಂಪನಿಯ ಮಾಲಕ ಆಲ್ಫ್ರೆಡ್ ಲಾಯನ್ ಇದು ಎಂಥಾ ಸಂಗೀತ ಅಂತ ಬಾಯಿಲೆ ಹೇಳ್ತಿದ್ದ, ಇವ ಅದನ್ನ ಕಣ್ಣಿಗೆ ತರ್ತಿದ್ದ. ನನಗ ಅನ್ನಿಸೂದು ಹಿಂಗ. ಹೊರಗಿನವ ಆಗಿದ್ದೇ ಅವನಿಗೆ ಅನುಕೂಲ ಆತು, ಅಭಿಮಾನ ತುಂಬಿ ಕವಚ ಗಿಚ್ಚ ಮಾಡಲಿಲ್ಲ. ನಾ ಹಂಗಲ್ಲ, ನನಗ ಎರಡೂ ಬೇಕು. ಕೆಳಗಿನ ಹಾಳಿ ನೋಡ್ರಿ, ಅವು ನನ್ನವು. ಅದೇ ಎರಡು ಬಣ್ಣ, ಅಕ್ಷರ ಕನ್ನಡದವು.

ಕಾಕಾ: ‘ಕೃಷ್ಣಾ’. ಕೆಳಗ ‘ಉಗಾರ’. ಯಾಕ ಉಗಾರ? ಶಿರಗುಪ್ಪಿ ಬಿಟ್ಟು?

ಮಗಳು: ಕಾರಣ ಐತ್ರಿ. ಇಂಗ್ಲಿಷಿನ ದೊಡ್ಡಕ್ಷರ ಮ್ಯಾಲ ಕೆಳಗ ಸಪಾಟು. ಸಾಲಿನ ಮ್ಯಾಲ ಸಾಲು ಒತ್ತಿ ಇಟ್ಟರೂ ನಡೀತೈತಿ. ನಮ್ಮ ಅಕ್ಷರ ಹಂಗಿಲ್ಲ. ‘ಕೃಷ್ಣಾ’ದಾಗ ಕೃ ಕೆಳಗ ವಟ್ರಸುಳಿ, ಷ್ಣಾ ಕೆಳಗ ಒತ್ತು, ಎರಡೂ ಇಳಿಬಿದ್ದಾವ. ಕೆಳಗಿನ ಸಾಲಿನಾಗ ಅವಕ್ಕ ಜಾಗ ಬೇಕು. ‘ಉಗಾರ’ದಾಗ ಗುಡಿಸು ಇಲ್ಲ, ಏತ್ವ ಇಲ್ಲ, ಮ್ಯಾಲ ಬಯಲು. ಒತ್ತು ಆರಾಮ ಇಳೀತೈತಿ, ಎರಡೂ ಸಾಲು ಒಂದಕ್ಕೊಂದು ಕೂಡಿಕೊಂಡು ಕೂಡತಾವ. ‘ಶೇಡಬಾಳ’ ಇಟ್ಟರ ಶೇ ಮ್ಯಾಲಿನ ಏತ್ವ ಹೋಗಿ ತಾಕತೈತಿ. ನಮ್ಮೂರ ಹೆಸರು ಎಲ್ಲಕ್ಕಿಂತ ತ್ರಾಸಿಂದು. ಶಿಗೆ ಗುಡಿಸು, ಪ್ಪಿಗೆ ಮ್ಯಾಲ ಗುಡಿಸು, ಕೆಳಗ ಒತ್ತು. ಅದನ್ನ ಇನ್ನೂ ಮಾಡಾಕತ್ತೀನಿ.

ಕಾಕಾ: ವರ್ಷಗಟ್ಟಲೆ ಈ ಅಕ್ಷರ ತಿದ್ದಿಸಿದವ ನಾ. ಒತ್ತು ಎಲ್ಲಿ ಇಳೀತೈತಿ ಅಂತ ಹಿಂಗ ನೋಡಿರಲಿಲ್ಲ.

ಮಗಳು: ಇದೇನು ಚಂದಕ್ಕ ಅಷ್ಟ ಅಲ್ರಿ. ಫೋನಿನಾಗ ಕನ್ನಡದ ಅರ್ಜಿ ತುಂಬತೀರಲ್ಲ, ಕಡಿಗೆ ‘ಸಲ್ಲಿಸಿ’ ಅಂತ ಬಟನ್ ಬರತೈತಿ. ಎಷ್ಟೋ ಕಡೆ ಲ್ಲಿ ಕೆಳಗಿನ ಒತ್ತು ಬಟನ್ನಿನ ಅಂಚಿಗೆ ಕತ್ತರಿಸಿ ಹೋಗಿರತೈತಿ. ಓದಿದ್ರ ‘ಸಲಿಸಿ’. ಯಾಕಂದ್ರ ಅದನ್ನ ಮಾಡಿದವ ಇಂಗ್ಲಿಷ್ ಶಬ್ದ ಹಾಕಿ ಎತ್ತರ ಅಳದಾನ, ಆಮ್ಯಾಲ ಕನ್ನಡ ತಂದು ತುರುಕ್ಯಾನ. ಓದೂ ಸಾಲಿಗೂ ಇದೇ ಹಾಡು. ಇಂಗ್ಲಿಷ್ ಸಾಲಿಗೆ ಅಕ್ಷರದ ಒಂದೂವರೆ ಪಟ್ಟು ಎತ್ತರ ಕೊಟ್ಟರ ಸಾಕು. ಕನ್ನಡಕ್ಕ ನಾ ಒಂದೂಮುಕ್ಕಾಲು ಪಟ್ಟು ಕೊಡ್ತೀನಿ, ಒತ್ತಿನ ಮ್ಯಾಲ ಒತ್ತು ಬರೂ ‘ರಾಷ್ಟ್ರ’, ‘ಶಾಸ್ತ್ರ’ದಂಥಾ ಶಬ್ದ ಬಾಳ ಇದ್ದರ ಇನ್ನೂ ಜಾಸ್ತಿ. ಇದನ್ನ ಯಾವ ಗಿರಾಕಿನೂ ನನಗ ಕಲಿಸಲಿಲ್ಲ. ಆ ಗ್ವಾಡಿ ಮ್ಯಾಲಿನ ಹಾಳಿ ಕಲಿಸಿದವು. ಮತ್ತ ಕಂಪ್ಯೂಟರಿನಾಗ ಕನ್ನಡ ಬಂದದ್ದರಾಗೂ ಇಂಥಾ ಸ್ವಂತ ಹಟದ ಪಾಲು ದೊಡ್ಡದೈತಿ. ಕೆ. ಪಿ. ರಾವ್ ಅವರು ಕನ್ನಡದ ಕೀಲಿಮಣಿ ಜೋಡಿಸಿದ್ದು, 1998ರಾಗ ಶೇಷಾದ್ರಿವಾಸು ಅವರು ‘ಬರಹ’ ಮಾಡಿ ಮಂದಿಗೆ ಪುಕ್ಕಟೆ ಕೊಟ್ಟದ್ದು, ಇವನ್ನ ಯಾವ ಗಿರಾಕಿನೂ ಕೇಳಿರಲಿಲ್ಲ.

ಕಾಕಾ: ‘ಬರಹ’ ನಮ್ಮ ಸಾಲಿ ಕಂಪ್ಯೂಟರಿನಾಗೂ ಇತ್ತು. ಪ್ರಶ್ನಪತ್ರಿಕಿ ಅದರಾಗೇ ತಗೀತಿದ್ದೆ. ಆದ್ರ ಒಂದು ಕೇಳ್ತೀನಿ. ಭಜನಿಯೊಳಗ ಒಂದೇ ಪದ ಹತ್ತು ಊರವರು ಹತ್ತು ಧಾಟಿಲೆ ಹಾಡ್ತಾರ. ಪದ ಅದೇ, ಮಂಡಳಿ ಯಾವುದಂತ ಧಾಟಿಲೆ ಗುರುತು ಹಿಡೀತೀವಿ. ನಿಮ್ಮ ಕಸುಬಿನಾಗ ಹಂಗೈತೇನು?

ಮಗಳು: ಐತ್ರಿ. 2003ರಾಗ ಡೇವ್ ಶೇ ಅಂತ ಕೆನಡಾದ ವಿನ್ಯಾಸಗಾರ ಒಂದು ಪುಟ ಇಟ್ಟ, ‘ಸಿಎಸ್ಎಸ್ ಝೆನ್ ಗಾರ್ಡನ್’ ಅಂತ. ಬರಹ ಒಂದೇ, ಅದರ ಒಂದಕ್ಷರ ಮುಟ್ಟೂ ಹಂಗಿಲ್ಲ. ಬಣ್ಣ, ಅಳತಿ, ಜಾಗಾ ಹೇಳೂ ಕಡತ ಮಾತ್ರ ಬದಲಿಸಬಹುದು. ಜಗತ್ತಿನ ವಿನ್ಯಾಸಗಾರರು ಅದೇ ಬರಹಕ್ಕ ತಮ್ಮ ತಮ್ಮ ಧಾಟಿ ಹಾಕಿ ಕಳಿಸಿದ್ರು. ಪಕ್ಕಪಕ್ಕ ಇಟ್ಟರ ಒಂದೇ ಬರಹ ಅಂತ ನಂಬಿಕಿ ಬರೂದಿಲ್ಲ. ಜಾಝ್‌ನಾಗೂ ಹಂಗ ಎಲ್ಲರಿಗೂ ಬರೂ ಹಾಡು ಇರ್ತಾವ. ನಾಟಕಕ್ಕ ಬರದ ಒಂದು ಸಾದಾ ಹಾಡು ‘ಮೈ ಫೇವರಿಟ್ ಥಿಂಗ್ಸ್’, ಅದನ್ನ ಜಾನ್ ಕೋಲ್ಟ್ರೇನ್ 1960ರಾಗ ಸೊಪ್ರಾನೋ ಸ್ಯಾಕ್ಸೋಫೋನಿನ ಮ್ಯಾಲ ಎತ್ತಿಕೊಂಡು ಎರಡೇ ಸ್ವರಮೇಳದ ಮ್ಯಾಲ ಎಷ್ಟೋ ಹೊತ್ತು ಆಲಾಪದಂಗ ತಿರುಗ್ಯಾನ. ಆ ಮನಿಶ್ಯಾ ರವಿಶಂಕರರ ಮ್ಯಾಲಿನ ಗೌರವಕ್ಕ ತನ್ನ ಮಗನಿಗೆ ರವಿ ಅಂತ ಹೆಸರಿಟ್ಟ.

ಕಾಕಾ: ಈಗ ಏನು ಹಚ್ಚಿದಿ ಹೊಸಾದು? ಮೊನ್ನೆ ವೈನಿ ಹೇಳ್ತಿದ್ರು, ಅಡಗಿ ಮನ್ಯಾಗ ಅವರ ಮಾತನ್ನ ಫೋನಿನಾಗ ತುಂಬಿಸಿಕೊಂಡಿ ಅಂತ.

ಮಗಳು: ಅದಕ್ಕೂ ಮಹಾಂತಪ್ಪನೇ ಕಾರಣ. 2004ರಾಗ ಅವನದು ‘ಮದರ್ ಟಂಗ್’ ಅಂತ ರೆಕಾರ್ಡು ಬಂತು. ಅಮೆರಿಕಾದಾಗ ಇವನಿಗೆ, ಇವನಂಥವರಿಗೆ ಮಂದಿ ‘ನೀವು ಇಂಡಿಯನ್ ಮಾತಾಡ್ತೀರೇನು’ ಅಂತ ಕೇಳ್ತಿದ್ರು, ಇಂಡಿಯನ್ ಅನ್ನೋದು ಒಂದು ಭಾಷೆ ಅನ್ನೂವಂಗ. ಇವ ಅದೇ ಪ್ರಶ್ನೆ ಹಿಡಕೊಂಡು ಅಲ್ಲಿನ ಭಾರತೀಯರ ಕಡೆ ಹೋದ. ಒಬ್ಬೊಬ್ಬರು ತಮ್ಮ ಮಾತಿನಾಗ ಕೊಟ್ಟ ಉತ್ತರ ರೆಕಾರ್ಡು ಮಾಡಿದ. ಆ ಮಾತಿನ ಏರಿಳಿತ ಸ್ವರಲಿಪಿಗೆ ಇಳಿಸಿದ. ಅದರ ಮ್ಯಾಲ ಜಾಝ್ ಕಟ್ಟಿದ. ತುಣುಕುಗಳ ಹೆಸರು ತಮಿಳು, ತೆಲುಗು, ಕೊಂಕಣಿ, ಗುಜರಾತಿ... ಒಂದರ ಹೆಸರು ‘ಕನ್ನಡ’.

ಕಾಕಾ: ನಮ್ಮ ಮಾತಿನ ಧಾಟಿನ ಬಂದಿಶ್ ಆತು ಅಂದಂಗ.

ಮಗಳು: ಹೌದು. ಅದನ್ನ ಕೇಳಿದ ಮ್ಯಾಲ ನನಗ ಕುಂತಲ್ಲೆ ಕೂಡಾಕ ಆಗಲಿಲ್ಲ. ಅವ ಕೇಳಿದ್ದು ಒಂದು ಕನ್ನಡ. ಕನ್ನಡ ಎಷ್ಟು ಅದಾವ! ಬ್ರೌಸರಿನೊಳಗೇ ದನಿಯ ಕಂಪನ ಅಳಿಯೂ ಸೌಲತ್ತು ಐತಿ. ಅವ್ವನ ಮಾತು ಅದಕ್ಕ ಕೊಟ್ಟೆ. ಬಂದವರಿಗೆ ಕೇಳ್ತಾಳಲ್ಲ, ‘ಊಟಾ ಆತೇನ್ರಿ’ ಅಂತ. ನೋಡ್ರಿ ಗೆರಿ. ‘ಊಟಾ’ ಅನ್ನೂವಾಗ ಸೆಕೆಂಡಿಗೆ 200 ಕಂಪನದ ಸುತ್ತ ಸಪಾಟು ಹೋಗತೈತಿ. ‘ತೇ’ಗೆ ಒಮ್ಮೆಲೆ 265ರ ಸುತ್ತ ಏರತೈತಿ. ‘ನ್ರಿ’ಗೆ ಜಾರಿ ಕೆಳಗ.

ಕಾಕಾ: 200ಕ್ಕ ಷಡ್ಜ ಅಂದ್ರ 265... ಮಧ್ಯಮಕ್ಕ ಹತ್ತಿರ ಆತು. ತಡಿ, ಪೇಟಿ ಮ್ಯಾಲ ನೋಡ್ತೀನಿ. ಸಾ ಸಾ, ಮಾ, ಮತ್ತ ಜಾರಿ ಸಾ. ಹೌದವಾ! ಥೇಟ್ ವೈನಿ ಕೇಳಿದಂಗ ಕೇಳಿಸ್ತು.

ಮಗಳು: ಮೈಸೂರಿನ ನನ್ನ ಗೆಳತಿ ‘ಊಟ ಆಯ್ತಾ’ ಅಂತಾಳ. ಆಕಿ ಗೆರಿ ಕಡಿಗೆ ಮ್ಯಾಲೇ ಉಳೀತೈತಿ, ಇಳಿಯೂದಿಲ್ಲ. ಮಂಗಳೂರಿನಾಕಿ ‘ಊಟ ಆಯ್ತಾ ಮಾರಾಯ್ತಿ’ ಅಂದಾಗ ನಡುವ ಒಂದು ಗುಡ್ಡ ಎದ್ದು ಕಡಿತನಕ ಇಳಿಜಾರು. ನಮ್ಮ ಕಡೆ ಮಾತಿನಾಗ ಮರಾಠಿ ಎಳತಾನೂ ಸೇರೈತಿ. ಮೂರೂ ಗೆರಿ ಒಂದರ ಕೆಳಗೊಂದು ಇಟ್ಟು, ಒತ್ತಿದ್ರ ಮಾತು ಕೇಳೂವಂಗ ಮಾಡೀನಿ. ಬಣ್ಣ ಎರಡೇ.

ಕಾಕಾ: ಬರೇ ಊರ ಲೆಕ್ಕ ಹಿಡಿದ್ರ ಸಾಲೂದಿಲ್ಲ. ಜುಗೂಳದ ಹೊಳಿ ದಂಡಿಯವರು ಒಂದು ಧಾಟಿ, ಅಥಣಿ ಕಡೆಯವರು ಇನ್ನೊಂದು. ಜೈನರ ಮನಿ ಮಾತು, ಮುಸಲರ ಮನಿ ಮಾತು, ಕುರುಬರ ಮನಿ ಮಾತು ಕಣ್ಣು ಮುಚ್ಚಿಕೊಂಡು ಹೇಳಬಹುದಿತ್ತು ನಮ್ಮ ಕಾಲದಾಗ. ಈಗ ಸಾಲಿ ಹುಡುಗರೆಲ್ಲಾ ಟಿವಿ ಧಾಟಿಲೆ ಮಾತಾಡ್ತಾರ. ನಮ್ಮ ಮಂಡಳಿಯಾಗ ಎಂಬತ್ತು ದಾಟಿದವರು ಅದಾರ. ಅವರನ್ನ ಮೊದಲ ತುಂಬಿಸು. ನಾ ಕರಕೊಂಡು ಹೋಗ್ತೀನಿ ನಾಳೆ. ರೊಕ್ಕದ ಮಾತು ಇನ್ನ ನಾ ಎತ್ತೂದಿಲ್ಲ.

ಮಗಳು: ಬರ್ತೀನ್ರಿ. ನಮ್ಮಿಬ್ಬರಲೆ ಅಷ್ಟೂ ಊರು ಆಗೂ ಕೆಲಸ ಅಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗ ಹುಡುಗ್ಯಾರು ಯಾರರ ಈ ಮಾತು ಕೇಳಿದ್ರ ನಾ ಒಂದೇ ಬೇಡಿಕೊಳ್ತೀನಿ. ಮನೀ ಹಿರೇರ ಮಾತು ಫೋನಿನಾಗ ತುಂಬಿಸ್ರಿ. ಹಾಡು ಬ್ಯಾಡ, ಭಾಷಣ ಬ್ಯಾಡ, ದಿನಾ ಆಡೂ ಮಾತು ಸಾಕು. ಕತ್ತರಿಸಬ್ಯಾಡ್ರಿ. ಊರು, ವಯಸ್ಸು, ತಾರೀಖು ಬರದು ಇಟ್ಟುಕೊಳ್ರಿ.